ಮೂರನೇ ಅಧ್ಯಾಯದ ಉಲ್ರಿಕಾ

ತಾರ್ಮೊ ಎದ್ದು ನಿಂತಾಗ ಐಲಾಗೆ ಮೊದಲು ಅನ್ನಿಸಿದ್ದು, ಪಾಪ, ಇವನಿಗೆ ತುರ್ತಾಗಿ ಹೊರಗೆ ಹೋಗಬೇಕಾಗಿದೆ ಎಂದು.

ತುರ್ಕು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅವಳ ಪಿಎಚ್‌ಡಿ ಪ್ರಬಂಧದ ಬಹಿರಂಗ ಪರೀಕ್ಷೆ ಮುಗಿಯುತ್ತ ಬಂದಿತ್ತು. ಬೇರೆ ಊರಿನಿಂದ ಬಂದ ಪರೀಕ್ಷಕರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಾಗಿತ್ತು. ಉಳಿದದ್ದು ಕೊನೆಯ ಶಾಸ್ತ್ರ ಮಾತ್ರ. ಸಭಿಕರ ಕಡೆ ತಿರುಗಿ, ಯಾರದಾದರೂ ಆಕ್ಷೇಪವಿದ್ದರೆ ಹೇಳಬೇಕೆಂದು ಕೇಳುವುದು. ಯಾರೂ ಬಾಯಿ ಬಿಡುವುದಿಲ್ಲ. ಒಂದು ಉಸಿರು ಕಾದು ಎಲ್ಲರೂ ಕಾಫಿ, ಕೇಕಿನ ಕಡೆ ಹೊರಡುತ್ತಾರೆ. ಇತಿಹಾಸ ವಿಭಾಗದಲ್ಲಿ ಹಾಗೆ ಒಬ್ಬರು ಎದ್ದು ನಿಂತದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ತಾರ್ಮೊ ಹೊರಗೆ ಹೋಗಲಿಲ್ಲ. ಸಭೆ ನಡೆಸುತ್ತಿದ್ದ ಪ್ರೊಫೆಸರ್ ಹೆಲ್ವಿಯವರ ಕಡೆ ತಿರುಗಿ, ಮಾತಾಡಲು ಅಪ್ಪಣೆ ಕೇಳಿದ.

ಐಲಾ ಹಾಳೆಗಳನ್ನು ಜೋಡಿಸಿಡುವುದನ್ನು ನಿಲ್ಲಿಸಿದಳು.

ಅವನು ಅದೇ ವಿಭಾಗದಲ್ಲಿ ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುವ ಮೇಷ್ಟ್ರು. ವಿಭಾಗದ ಪುಟ್ಟ ಅಡುಗೆಕೋಣೆಯಲ್ಲಿ ಇಬ್ಬರೂ ದಿನಾ ಕಾಫಿಗೆ ಸೇರುತ್ತಿದ್ದರು. ಅವನು ಕಾಫಿ ಬಗ್ಗಿಸುವಾಗ ಕಪ್ಪನ್ನು ನೋಡದೆ ಅವಳನ್ನು ನೋಡುತ್ತಿದ್ದ. ಚೆಲ್ಲಿಕೊಂಡು, ಮೇಜು ಒರೆಸುವ ನೆಪದಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದ. ಅವಳಿಗೂ ಅದೇ ಬೇಕಿತ್ತು.

ಕೆಡಿಸಿಕೊಂಡವಳು ಅವಳೇ. ಹೋದ ಶರತ್ಕಾಲದಲ್ಲಿ ಅವನಿಗೆ ಸಂಶೋಧನೆಗೆ ರಜೆ ಸಿಗದೆ ಹೋದಾಗ ಸಮಾಧಾನ ಹೇಳಲು ಹೋಗಿ, ಆ ಮಕ್ಕಳಿಗೆ ಪಾಠ ಮಾಡುತ್ತ ನಿನ್ನ ಬುದ್ಧಿಯೆಲ್ಲ ಪೋಲಾಗುತ್ತಿದೆ ಎಂದುಬಿಟ್ಟಳು. ಅವನು ನಕ್ಕ. ಮರುದಿನದಿಂದ ಅಡುಗೆಕೋಣೆಗೆ ಬರುವುದನ್ನೇ ಬಿಟ್ಟ. ಪರೀಕ್ಷೆಯ ದಿನದ ಸಂಜೆ ಊಟಕ್ಕೆ ಕರೆಯಬೇಕೆಂದು ಅವನ ಕೋಣೆಯ ಬಾಗಿಲವರೆಗೂ ಹೋಗಿದ್ದಳು. ತಟ್ಟುವ ಧೈರ್ಯ ಬರಲಿಲ್ಲ.

"ಮೂರನೇ ಅಧ್ಯಾಯದ ಬಗ್ಗೆ," ಅಂದ ತಾರ್ಮೊ. ಸಭೆಯ ಮರ್ಯಾದೆಗೆ ಅವನ ಬಾಯಲ್ಲಿ ಬಹುವಚನ ಬಂತು. "ಉಲ್ರಿಕಾ ಬರಗಾಲದ ಚಳಿಗಾಲದಲ್ಲಿ ಹಸಿವಿನಿಂದ ಸತ್ತಳು ಅಂತ ಬರೆದಿದ್ದೀರಿ. ಅವಳು ಸಾಯಲಿಲ್ಲ."

ಸಭೆಯಲ್ಲಿ ಯಾರೋ ಕೆಮ್ಮಲು ಹೋಗಿ ತಡೆದುಕೊಂಡರು.

ಉಲ್ರಿಕಾ ನೂರೈವತ್ತು ವರ್ಷದ ಹಿಂದಿನ ಮೀನುಗಾರ್ತಿ, ಹೊರದ್ವೀಪವೊಂದರ ವಿಧವೆ. ಆ ಚಳಿಗಾಲದ ನಂತರ ಅವಳ ಊರಿನ ಚರ್ಚಿನ ದಾಖಲೆಗಳಲ್ಲಿ ಅವಳ ಸುದ್ದಿಯೇ ಇಲ್ಲ. ಇಡೀ ಮೂರನೇ ಅಧ್ಯಾಯ ನಿಂತದ್ದು ಅವಳ ಸಾವಿನ ಮೇಲೆ.

ತಾರ್ಮೊ ನಿಧಾನವಾಗಿ ಹೇಳಿದ. ಸಮಾಧಿಗಳನ್ನು ಓದುವುದನ್ನು ಕಲಿಸಲು ನಿನ್ನೆ ಮಕ್ಕಳನ್ನು ದೂರದ ಬೇರೊಂದು ದ್ವೀಪಕ್ಕೆ ಕರೆದುಕೊಂಡು ಹೋಗಿದ್ದನಂತೆ. ಇಬ್ಬರು ಹುಡುಗಿಯರು ಒಂದು ಕಬ್ಬಿಣದ ಶಿಲುಬೆಯ ಪಾಚಿ ಕೆರೆದರೆ ಅದೇ ಹೆಸರು, ಅದೇ ಹುಟ್ಟಿದ ದಿನ, ಅದೇ ಹುಟ್ಟೂರು. ಪಕ್ಕದಲ್ಲಿ ಎರಡನೇ ಗಂಡನ ಹೆಸರು; ಮನೆತನ ಮಾತ್ರ ಬೇರೆ. ಮುದುಕಿಯಾಗಿ ಸತ್ತಿದ್ದಾಳೆ. ಈ ಬೆಳಿಗ್ಗೆ ದಡ ಮುಟ್ಟಿದ ಕೂಡಲೇ ಫೋನ್ ಮಾಡಿದ್ದನಂತೆ. ಐಲಾಳ ಫೋನ್ ಆಫ್ ಆಗಿತ್ತು.

ಇಷ್ಟು ಜನರ ಮುಂದೆ, ಇವನಾ? ಐಲಾಗೆ ಸಿಟ್ಟು ಬಂತು. ಅದರ ಹಿಂದೆಯೇ ಇನ್ನೇನೋ ಬಂತು. ಆ ಹೆಂಗಸಿಗಾಗಿ ಅವಳು ಎಷ್ಟು ಸಲ ಒಬ್ಬಳೇ ಕೂತು ಅತ್ತಿದ್ದಳು.

"ಗಂಡ ಯಾರು?" ಎಂದು ಕೇಳಿದಳು. ದನಿ ತನ್ನದೇ ಅನ್ನಿಸಲಿಲ್ಲ.

"ಕಡಲ ಸೀಲ್ ಪ್ರಾಣಿಗಳ ಬೇಟೆಗಾರ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡ್ಕೊಂಡೇ ಅಲ್ಲಿಗೆ ಹೋಗಿರ್ಬೇಕು ಅಂತಾರೆ ಮಕ್ಕಳು. ಅದಕ್ಕೆ ಪುರಾವೆ ಇಲ್ಲ."

ಐಲಾ ನಕ್ಕುಬಿಟ್ಟಳು. ಕಣ್ಣಲ್ಲಿ ನೀರಿತ್ತು. "ಹಾಗಾದ್ರೆ ನನ್ನ ತೀರ್ಮಾನ ತಪ್ಪು. ನಾನು ಆ ದ್ವೀಪಕ್ಕೆ ಹೋಗಲೇ ಇಲ್ಲ. ಅವಳು ಬದುಕಿದಳಲ್ಲ, ಅಷ್ಟು ಸಾಕು."

ಪರೀಕ್ಷಕರು ಪ್ರಬಂಧದ ಪುಟಗಳನ್ನು ಮತ್ತೊಮ್ಮೆ ತಿರುವಿದರು. ಉಳಿದ ಅಧ್ಯಾಯಗಳು ಗಟ್ಟಿಯಾಗಿವೆ, ಪದವಿ ಕೊಡಬಹುದು ಎಂದರು.

ಹೊರಗೆ ಕಾಫಿ ಮೇಜಿನ ಬಳಿ ಪ್ರೊಫೆಸರ್ ಹೆಲ್ವಿ ಅವಳ ಮೊಣಕೈ ಹಿಡಿದು ಪಕ್ಕಕ್ಕೆಳೆದರು. ಸಭೆಯಲ್ಲಿ ಆಕ್ಷೇಪ ಎತ್ತಿದವರನ್ನು ಸಂಜೆಯ ಊಟಕ್ಕೆ ಕರೆಯಲೇಬೇಕು, ಅದು ಪದ್ಧತಿ. "ನೀನು ಕರೀತೀಯೋ, ನಾನೇ ಕರೀಲೋ?"

ತಾರ್ಮೊ ಕಿಟಕಿಯ ಬಳಿ ಒಬ್ಬನೇ ನಿಂತಿದ್ದ. ಬೂಟಿಗೆ ಇನ್ನೂ ದ್ವೀಪದ ಮಣ್ಣು ಮೆತ್ತಿತ್ತು.

"ನಾಳೆ ಹೇಳಿದ್ರೆ ಆಗ್ತಿರ್ಲಿಲ್ವಾ?" ಐಲಾ ಹತ್ತಿರ ಹೋಗಿ ಕೇಳಿದಳು.

"ಆಗ್ತಿತ್ತು. ಆ ಹುಡುಗೀರು ಹಿಂದಿನ ಸಾಲಲ್ಲೇ ಕೂತಿದ್ರು. ತಪ್ಪು ಕಂಡ್ರೆ ಹೇಳಿ ಅಂತ ಕಲಿಸಿದವನು ನಾನು." ಅವನ ದನಿ ಇಳಿಯಿತು. "ಸುಮ್ನಿದ್ದಿದ್ರೆ ನಿನ್ನ ಮುಖ ನೋಡೋಕೆ ನನ್ಕೈಲಿ ಆಗ್ತಿರ್ಲಿಲ್ಲ, ಐಲಾ."

"ಈಗ ನೋಡ್ತಿದೀಯಾ?"

ಅವನು ನೋಡಿದ. ಅವಳೇ ಮೊದಲು ಕಣ್ಣು ತಗ್ಗಿಸಬೇಕಾಯಿತು.

"ಸಂಜೆ ಊಟಕ್ಕೆ ಬಾ. ಒಂದು ಊಟಕ್ಕೋಸ್ಕರ ನನ್ನ ಇಡೀ ಅಧ್ಯಾಯ ಕೆಡವಿದೋನನ್ನ ನಾನು ಇವತ್ತೇ ನೋಡಿದ್ದು."

ಅವನ ಕಿವಿಗಳು ಕೆಂಪಾದವು.

ನದಿದಂಡೆಯ ಹೋಟೆಲಿನಲ್ಲಿ, ಇನ್ನೂ ಬೆಳಕಿದ್ದ ಮೇ ತಿಂಗಳ ಸಂಜೆ, ಐಲಾ ಪದ್ಧತಿಯಂತೆ ಎದ್ದು ಒಬ್ಬೊಬ್ಬರಿಗೇ ಕೃತಜ್ಞತೆ ಹೇಳಿದಳು. ಕೊನೆಗೆ ತಾರ್ಮೊನ ಸರದಿ. ಮಕ್ಕಳಿಗೆ ಪಾಠ ಮಾಡುವುದನ್ನು ಪೋಲು ಅಂದಿದ್ದೆ, ನಾನು ಓದಿನ ಕೋಣೆಯಲ್ಲಿ ಸಾಯಿಸಿದವಳನ್ನು ಆ ತರಗತಿಯೇ ಬದುಕಿಸಿತು ಎಂದಳು. ಅಲ್ಲಿಗೆ ನಿಲ್ಲಿಸುವವಳಿದ್ದಳು.

"ಇನ್ನೊಂದು ವಿಷಯ," ಅಂದಳು. "ನನಗೆ ಇವನನ್ನ ಕಂಡ್ರೆ ಪ್ರೀತಿ. ತುಂಬ ದಿನದಿಂದ."

ಪ್ರೊಫೆಸರ್ ಹೆಲ್ವಿಯವರ ಫೋರ್ಕು ಬಾಯಿಯ ಬಳಿಯೇ ನಿಂತಿತು. ಉತ್ತರ ಹೇಳಲು ತಾರ್ಮೊ ಏಳಬೇಕಿತ್ತು. ಅಷ್ಟು ದೊಡ್ಡ ಸಭೆಯಲ್ಲಿ ಎದ್ದು ನಿಂತವನಿಗೆ ಈಗ ಏಳಲಾಗಲಿಲ್ಲ. ಕೂತಲ್ಲಿಂದಲೇ, ಸಾಲ್ಮನ್ ಮೀನಿನ ತಟ್ಟೆಗೆ ಹೇಳುವವನಂತೆ, "ನನಗೂ," ಅಂದ. "ಬೆಳಿಗ್ಗೆ ಆ ದ್ವೀಪಕ್ಕೆ ಲಾಂಚ್ ಇದೆ. ಬರ್ತೀಯಾ?"

ಮರುದಿನ ಐಲಾ ಆ ಕಬ್ಬಿಣದ ಶಿಲುಬೆಯ ಮುಂದೆ ಮಂಡಿಯೂರಿ, ಉಲ್ರಿಕಾ ಮತ್ತು ಅವಳ ಗಂಡನ ಹೆಸರುಗಳೆರಡರ ಮೇಲೂ ಬೆರಳಾಡಿಸಿದಳು. ತಾರ್ಮೊ ಪಕ್ಕದಲ್ಲಿ ಕೂತು ತನ್ನ ಕೈಯನ್ನು ಅವಳ ಕೈಮೇಲಿಟ್ಟ.

"ಎಷ್ಟು ವರ್ಷ ಜೊತೆಗಿದ್ರು?"

"ಮೂವತ್ತು ದಾಟಿತ್ತು."

"ಸಾಕಾ?" ಎಂದು ಕೇಳಿದಳು ಐಲಾ.

ತಾರ್ಮೊ ಗಂಭೀರವಾಗಿ ಯೋಚಿಸಿದ.

"ಸಾಲ್ದು," ಅಂದ.