ಹನ್ನೆರಡು ಗಳಿಗೆಯ ದಾರಿ

ಹಿಂದೆ, ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ, ಕೆಂಜಳ ಅನ್ನೋ ರಾಜ್ಯವಿತ್ತು. ಧೂಮಶಿಖ ಎಂಬ ಮಾಂತ್ರಿಕ, ಆ ಪಾಪಿ, ಒಂದು ಬೆಳಿಗ್ಗೆ ರಾಜನನ್ನೂ ಸೇರಿಸಿ ಊರವರನ್ನೆಲ್ಲ ಮೊಣಕಾಲವರೆಗೆ ಕಲ್ಲು ಮಾಡಿಬಿಟ್ಟ. ಆಟಕ್ಕೆಂದು ಬಿಟ್ಟವರು ಮೂವರೇ: ಓಲೆ ಒಯ್ಯುವ ಓಟಗಾರರಾದ ಬೊಮ್ಮಣ್ಣ, ಕೆಂಚಣ್ಣ, ಅವರ ತಂಗಿ ಚೆನ್ನಾಜಿ. ಅವಳಿಗೆ ಹದಿನೆಂಟು ವರ್ಷ. ಅರಮನೆಯ ಗಳಿಗೆ ಬಟ್ಟಲು ಕಾಯೋದು ಅವಳ ಕೆಲಸ. ತಳದಲ್ಲಿ ತೂತಿರುವ ಬಟ್ಟಲು ನೀರಲ್ಲಿ ಮುಳುಗಿದರೆ ಒಂದು ಗಳಿಗೆ ಕಳೆಯಿತು ಅಂತ ಲೆಕ್ಕ.

"ಬೆಂಕಿಗುಡ್ಡದ ತುದಿ ಇಲ್ಲಿಗೆ ಹನ್ನೆರಡು ಹರದಾರಿ," ಅಂದ ಮಾಂತ್ರಿಕ. "ಒಬ್ಬೊಬ್ಬರಾಗಿ ನನ್ನ ಈ ತೋಳದ ಬೆನ್ನೇರಿ ಹೋಗಿ ಅಲ್ಲಿಯ ಬೆಂಕಿ ತನ್ನಿ. ಹೋಗಿಬರುವ ಸರಾಸರಿ ವೇಗ ಗಳಿಗೆಗೆ ಎರಡು ಹರದಾರಿ ಆಗಬೇಕು. ಗುಡ್ಡ ಹತ್ತುವಾಗ ತೋಳ ಗಳಿಗೆಗೆ ಒಂದು ಹರದಾರಿ ಹೋಗುತ್ತೆ, ಇಳಿಯುವಾಗ ಮೂರು. ಮೂವರೂ ಸೋತರೆ ಊರೆಲ್ಲ ತಲೆವರೆಗೂ ಕಲ್ಲು!"

ಕೆಂಜಳದ ಓಟಗಾರರದ್ದೊಂದು ರೂಢಿ. ಹೋಗುವ ವೇಗ, ಬರುವ ವೇಗ ಕೂಡಿಸಿ ಅರ್ಧ ಮಾಡಿದರೆ ಅವರ ಲೆಕ್ಕ ಮುಗೀತು. "ಒಂದೂ ಮೂರೂ ನಾಲ್ಕು, ಅರ್ಧ ಎರಡು. ಇಷ್ಟೇನಾ!" ಅಂತ ಬೊಮ್ಮಣ್ಣ ನಗುತ್ತಾ ಹೋದ. ಬೆಂಕಿ ತಂದ. "ಸೋತೆ," ಅಂದ ಮಾಂತ್ರಿಕ. ಬೊಮ್ಮಣ್ಣ ನಿಂತಲ್ಲೇ ಕಲ್ಲಾದ.

"ತೋಳ ಮೋಸ ಮಾಡಿರಬೇಕು," ಅಂದ ಕೆಂಚಣ್ಣ. ಅವನೂ ಹೋದ, ಬಂದ, ಕಲ್ಲಾದ.

ಚೆನ್ನಾಜಿ ಗೋಳೋ ಎಂದು ಅತ್ತಳು. ಆದರೆ ಎರಡು ಸಲವೂ ಅವಳ ಕಣ್ಣು ಬಟ್ಟಲ ಮೇಲಿತ್ತು. ಅಣ್ಣ ಬೆಂಕಿ ಎತ್ತಿದ ಹೊಗೆ ತುದಿಯಲ್ಲಿ ಕಂಡಾಗ ಹನ್ನೆರಡನೆಯ ಬಟ್ಟಲು ಮುಳುಗಿತ್ತು.

"ಅಯ್ಯೋ ಅಣ್ಣಂದಿರಾ, ವೇಗ ಕೂಡಿಸಿದಿರಲ್ಲೋ, ಹೊತ್ತು ಕೂಡಿಸಬೇಕಿತ್ತು! ಒಟ್ಟು ದಾರಿ ಇಪ್ಪತ್ನಾಲ್ಕು ಹರದಾರಿ. ಎರಡರಂತೆ ಹೋದರೆ ಹನ್ನೆರಡು ಗಳಿಗೆ. ಹತ್ತೋದರಲ್ಲೇ ಅಷ್ಟೂ ಮುಗಿದರೆ ಇಳಿಯೋಕೆ ಏನುಳೀತು, ಮಣ್ಣು!"

ಅವಳು ತೋಳದ ಬಳಿ ಹೋದಳು. "ಹತ್ತುವಾಗ ಗಳಿಗೆಗೆ ಒಂದೂವರೆ ಹರದಾರಿ ಹೋಗು. ಎಂಟು ಗಳಿಗೆಗೆ ತುದಿ ಮುಟ್ತೀವಿ. ಇಳಿಯೋಕೆ ನಾಲ್ಕು ಸಾಕು."

"ಹೋಗ್ತೀನಿ," ಅಂದಿತು ತೋಳ. "ಹತ್ತುವ ಒಂದೊಂದು ಹರದಾರಿಗೂ ನಿನ್ನ ಆಯಸ್ಸಿನ ನಾಲ್ಕು ವರ್ಷ ಕೊಡಬೇಕು."

ಚೆನ್ನಾಜಿ ಬೆರಳೆಣಿಸಿದಳು. ಹನ್ನೆರಡು ಹರದಾರಿಗೆ ನಲವತ್ತೆಂಟು ವರ್ಷ! ಕಲ್ಲಾದ ಅಣ್ಣಂದಿರ ಮುಖ ನೋಡಿದಳು. "ತಗೋ," ಅಂದು ಏರಿ ಕೂತಳು.

ಆರನೆಯ ಹರದಾರಿಗೆ ತಲೆ ನರೆಯಿತು. ಒಂಬತ್ತನೆಯದಕ್ಕೆ ಹಲ್ಲು ಉದುರಿತು. ತುದಿ ಮುಟ್ಟುವಾಗ ಬೆನ್ನು ಬಾಗಿತ್ತು. ನಡುಗುವ ಕೈಯಲ್ಲಿ ಬೆಂಕಿ ಎತ್ತಿಕೊಂಡು, ತೋಳದ ಕತ್ತು ತಬ್ಬಿ ಇಳಿದಳು. ಹನ್ನೆರಡನೆಯ ಬಟ್ಟಲು ಮುಳುಗುವುದಕ್ಕೂ ತೋಳ ಅಂಗಳಕ್ಕೆ ಹಾರುವುದಕ್ಕೂ ಸರಿಹೋಯಿತು.

ಗೆದ್ದವಳ ಎದುರು ಮಾಂತ್ರಿಕನ ಮಂತ್ರ ನಡೆಯಲಿಲ್ಲ. ಅವಳು ಬೆಂಕಿ ಎಸೆದಳು, ಅವನು ಸುಟ್ಟು ಬೂದಿಯಾದ. ಕಲ್ಲಾದ ಕಾಲುಗಳೆಲ್ಲ ನಡೆದಾಡಿದವು. ಅಂದಿನಿಂದ ಕೆಂಜಳದ ಮಂದಿ ಉಂಡು ಉಟ್ಟು ಸುಖವಾಗಿದ್ದರು.

ಬೊಮ್ಮಣ್ಣ ಎಚ್ಚೆತ್ತು ಕಣ್ಣುಜ್ಜಿಕೊಂಡ. ಎದುರಿಗಿದ್ದವಳ ಕಾಲಿಗೆ ಬಗ್ಗಿ ನಮಸ್ಕರಿಸಿ ಕೇಳಿದ: "ಅಜ್ಜಿ, ಇಲ್ಲೇ ನಮ್ಮ ತಂಗಿ ಕೂತಿದ್ದಳು. ಎಲ್ಲಿಗೆ ಹೋದಳು, ಕಂಡ್ರಾ?"