ಐದನೇ ಆಯ್ಕೆ

ಆ ಕೋಚಿಂಗ್ ಸೆಂಟರಿನಲ್ಲಿ ಅವಳಿಗೆ ಉಲ್ಟಾ ಮೇಡಂ ಅಂತಲೇ ಹೆಸರು. ತರ್ಕದ ಪರೀಕ್ಷೆಗೆಂದು ಮೇಷ್ಟ್ರು ಬರೆದ ಪ್ರಶ್ನೆಗಳನ್ನು ತಿದ್ದುವುದು ಅವಳ ಕೆಲಸ. ಮೇಲೊಂದು ವಾದ, ಕೆಳಗೆ ನಾಲ್ಕು ಊಹೆ. ವಾದ ನಿಲ್ಲಬೇಕಾದರೆ ಯಾವ ಊಹೆ ಬೇಕೇ ಬೇಕು? ಅವಳು ಒಂದೊಂದನ್ನೂ ಉಲ್ಟಾ ಮಾಡಿ, 'ಇದೆ' ಅಂತಿದ್ದರೆ 'ಇಲ್ಲ' ಅಂತ, ಓದುವಳು. ವಾದ ದೊಪ್ಪನೆ ಬಿದ್ದರೆ ಅದೇ ಉತ್ತರ, ಬೀಳದಿದ್ದರೆ ಕೆಂಪು ಗೀಟು.

"ಇವತ್ತು ಎಷ್ಟು ಕತ್ತು ಕುಯ್ದಿರಿ?" ಬಸ್ ಸ್ಟಾಪಿಗೆ ಜೊತೆಗೆ ನಡೆಯುತ್ತಾ ಮೇಷ್ಟ್ರು ಓರೆಗಣ್ಣಲ್ಲಿ ನೋಡುತ್ತಿದ್ದರು.

"ಮೂರು. ನಾಲ್ಕನೇದನ್ನ ನಿಮ್ಮ ಮುಖ ನೋಡಿ ಬಿಟ್ಟೆ."

"ಹಾಗಾದ್ರೆ ನಾಳೆಯಿಂದ ಮುಖ ತೊಳ್ಕೊಂಡು ಬರ್ತೀನಿ."

ಮೂವತ್ತಾರು ದಾಟಿದ ಹೆಂಗಸು ಬಸ್ಸಿನಲ್ಲಿ ಒಬ್ಬಳೇ ಕೂತು ನಗುವುದು ಚೆನ್ನಾಗಿರುವುದಿಲ್ಲ. ಆದರೂ ನಗು ಬರುತ್ತಿತ್ತು, ಏನು ಮಾಡುವುದು!

ಅಂಥ ಮೇಷ್ಟ್ರದು ಇಪ್ಪತ್ತು ದಿನದಿಂದ ಮಾತೇ ಇಲ್ಲ. ಸಂಜೆ ಹಿಂಬಾಗಿಲಿನಿಂದ ಹೋಗಿಬಿಡುತ್ತಿದ್ದರು. ಎಲ್ಲೋ ಹೆಣ್ಣು ನೋಡಿರಬೇಕು ಅಂದುಕೊಂಡು ಅವಳು ಹೊಟ್ಟೆ ಉರಿದುಕೊಂಡಳು. ಊರವರ ಊಹೆಗಳನ್ನೆಲ್ಲ ಉಲ್ಟಾ ಮಾಡುವವಳು ತನ್ನದೊಂದನ್ನು ಮಾತ್ರ ಮಾಡಿ ನೋಡಲಿಲ್ಲ.

ಇವತ್ತು ಮಧ್ಯಾಹ್ನ ಅವರ ಹಾಳೆಗಳ ಕಟ್ಟು ಅವಳ ಮೇಜಿಗೆ ಬಂತು. ಯಾವಾಗಲೂ ಇಪ್ಪತ್ನಾಲ್ಕು ಪ್ರಶ್ನೆ ಇರುತ್ತಿತ್ತು, ಇವತ್ತು ಇಪ್ಪತ್ತೈದು. ಮುತ್ತು ಪೋಣಿಸಿದ ಹಾಗಿರುತ್ತಿದ್ದ ಅಕ್ಷರ ಸೊಟ್ಟಸೊಟ್ಟಗೆ ಬಿದ್ದಿತ್ತು. ಕೊನೆಯದನ್ನು ಓದಿದಳು.

'ಒಬ್ಬನಿಗೆ ಅವನ ಅಪ್ಪನ ಕಾಯಿಲೆಯೇ ಬಂದಿದೆ. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಮಾತು ಹೋಗುತ್ತದೆ. ಅಪ್ಪನನ್ನು ನೋಡಿಕೊಳ್ಳುತ್ತಾ ಅಮ್ಮ ಒಂಬತ್ತು ವರ್ಷ ಸವೆದಳು. ಆದ್ದರಿಂದ ಅವನು ಮದುವೆಯಾಗಬಾರದು. ಇದಕ್ಕೆ ಬೇಕೇ ಬೇಕಾದ ಊಹೆ ಯಾವುದು?'

ಅವಳು ಆ ಸೊಟ್ಟ ಅಕ್ಷರಗಳನ್ನೇ ಮತ್ತೊಮ್ಮೆ ನೋಡಿದಳು. ಪೆನ್ನು ಹಿಡಿದ ಕೈ ಮಾತ್ರ ಅಭ್ಯಾಸದಂತೆ ಕೆಲಸಕ್ಕಿಳಿಯಿತು.

ಅ: ಈ ಕಾಯಿಲೆಗೆ ಎಂದೂ ಔಷಧಿ ಸಿಗುವುದಿಲ್ಲ. ಉಲ್ಟಾ ಮಾಡಿದಳು. ಎಂದೋ ಸಿಗುತ್ತದೆ, ಅಷ್ಟರಲ್ಲಿ ಅವನೇ ಇರುವುದಿಲ್ಲ. ವಾದ ಬೀಳಲಿಲ್ಲ. ಆ: ಅಮ್ಮ ಒಂದು ದಿನವೂ ನಗಲಿಲ್ಲ. ಒಂದು ದಿನ ನಕ್ಕಿದ್ದರೂ ಸವೆದದ್ದು ಸವೆದದ್ದೇ. ಇ: ಅವನನ್ನು ಅಕ್ಕ ನೋಡಿಕೊಳ್ಳುತ್ತಾಳೆ. ನೋಡಿಕೊಳ್ಳದಿದ್ದರೆ? ಅವನು ಒಬ್ಬನೇ ಸಾಯುತ್ತಾನೆ, ವಾದ ಹಾಗೇ ನಿಂತಿರುತ್ತದೆ. ಈ: ಅವನ ಕೈ ಹಿಡಿಯಬೇಕಿದ್ದವಳಿಗೆ ಬೇರೆ ಒಳ್ಳೆಯ ಗಂಡು ಸಿಗುತ್ತಾನೆ. ಸಿಗದಿದ್ದರೂ ಅವಳು ಸವೆಯುವುದಂತೂ ತಪ್ಪುತ್ತದೆ.

ನಾಲ್ಕಕ್ಕೂ ಬೀಳಲಿಲ್ಲ ಆ ಹಾಳು ವಾದ. ಬೀಳಲಿ, ದೇವರೇ, ಬೀಳಲಿ ಅಂತ ಅವಳು ಅತ್ತಳು.

ಆಮೇಲೆ ಹೊಳೆಯಿತು. ಹನ್ನೊಂದು ವರ್ಷದಲ್ಲಿ ಮೇಷ್ಟ್ರು ಸರಿಯುತ್ತರವೇ ಇಲ್ಲದ ಪ್ರಶ್ನೆ ಬರೆದದ್ದು ಇದೇ ಮೊದಲು. ಕಣ್ಣೊರೆಸಿಕೊಂಡು ಕೆಂಪು ಪೆನ್ನಿನಲ್ಲಿ ಐದನೆಯದೊಂದನ್ನು ಬರೆದು ಎದ್ದಳು.

ಖಾಲಿ ತರಗತಿಯಲ್ಲಿ ಮೇಷ್ಟ್ರು ಬೋರ್ಡು ಒರೆಸಲು ಒದ್ದಾಡುತ್ತಿದ್ದರು. ಅವಳು ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಿಮ್ಮ ಪ್ರಶ್ನೇಲಿ ಉತ್ತರ ಇಲ್ಲ."

ಅವರು ಬಗ್ಗಿ ಓದಿದರು. 'ಉ: ಎಲ್ಲ ಗೊತ್ತಿದ್ದೂ ಅವನೇ ಬೇಕು ಅನ್ನುವವಳು ಯಾರೂ ಇಲ್ಲ.'

"ಉಲ್ಟಾ ಮಾಡಿ ಓದಿ," ಎಂದಳು.

ಅವರು ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟು ಓದಿದರು. "ಒಬ್ಬಳು... ಇದಾಳೆ."

"ಈಗ ನಿಮ್ಮ ವಾದ ನಿಲ್ಲತ್ತಾ?"

"ಇಲ್ಲ." ಅವರು ಕುರ್ಚಿಯಲ್ಲಿ ಕುಸಿದರು. "ಆದ್ರೆ ವಾದ ಬಿದ್ದ ಮಾತ್ರಕ್ಕೆ ತೀರ್ಮಾನ ಸುಳ್ಳಾಗಲ್ಲ ಮೇಡಂ. ಅದು ನಿಮಗೂ ಗೊತ್ತು."

"ಗೊತ್ತು. ಕಾಯಿಲೆ ಹೋಗಲ್ಲ ಅಂತಾನೂ ಗೊತ್ತು."

"ನಿಮ್ಮ ಬದುಕು ಹಾಳಾಗತ್ತೆ."

"ನನಗೇನು ಬೇಕು ಅನ್ನೋದನ್ನ ಆಯ್ಕೆಗಳಲ್ಲಿ ಸೇರಿಸೋದೇ ಮರೆತವರು ನನ್ನ ಬದುಕಿನ ಮಾತಾಡ್ಬೇಡಿ!" ಅವಳು ಹಾಳೆಯನ್ನು ಅವರತ್ತ ತಳ್ಳಿದಳು. "ನೀವು ಬೇಕು ನಂಗೆ. ಒಂಬತ್ತು ವರ್ಷವೋ, ಒಂಬತ್ತು ತಿಂಗಳೋ. ಇಪ್ಪತ್ತು ದಿನ ಆಗಲೇ ವೇಸ್ಟ್ ಮಾಡಿದೀರಿ. ಬೇಡ ಅನ್ನೋದಾದ್ರೆ ಹಾಳೆ ಹರಿದುಹಾಕಿ. ಬೇಕಾದ್ರೆ ಉತ್ತರಕ್ಕೆ ಸುತ್ತು ಹಾಕಿ."

ಮೇಷ್ಟ್ರು ಪೆನ್ಸಿಲ್ ಎತ್ತಿಕೊಂಡರು. ಅದು ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಿ ಮೇಜಿನ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಮತ್ತೆ ಬಿತ್ತು. ಮತ್ತೆ ಮೇಜಿನ ಮೇಲಿಟ್ಟಳು.

ಮೂರನೇ ಸಲ ಅವರು ಎರಡೂ ಕೈಯಲ್ಲಿ ಹಿಡಿದು, ತುಟಿ ಕಚ್ಚಿ, 'ಉ' ಸುತ್ತ ಗೆರೆ ಎಳೆದರು. ಸುತ್ತು ಪೂರ್ತಿ ಕೂಡಲಿಲ್ಲ. ಅವರು ಅಳುತ್ತಿದ್ದರು.

"ಸಾಕು ಬಿಡಿ, ಅರ್ಥ ಆಯ್ತು," ಎಂದು ಅವಳು ಅವರ ಕೈ ಹಿಡಿದುಕೊಂಡಳು. ಬೆರಳುಗಳು ತಿರುಗಿ ಹಿಡಿಯಲಿಲ್ಲ. ಹಿಡಿಯಲಾರವು ಎಂದು ಗೊತ್ತಿದ್ದೇ ಅವಳು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.