ಕೆರೆದುಹೋದ ಬಿಳಿ ತಾರಸಿ

ಭಾನುವಾರ ಬೆಳಿಗ್ಗೆಯೇ ಮತ್ತಿಗಿರಿಯ ಅಶ್ವತ್ಥಪ್ಪ ಬಂದು ಕೂತದ್ದನ್ನು ನೋಡಿ ಮುನೀಶನಿಗೆ ತಲೆ ಚಿಟ್ಟು ಹಿಡಿಯಿತು. ಅಕ್ಕ ಆದಿಲಕ್ಷ್ಮಮ್ಮನ ಪತ್ತೇದಾರಿಕೆಯ ದೆಸೆಯಿಂದ ಅವನಿಗೆ ಒಂದು ರಜೆಯೂ ನೆಟ್ಟಗೆ ಸಿಕ್ಕಿರಲಿಲ್ಲ.

"ಬಾಡಿಗೆ ಮನೆ ತಂಪಾಗಿರ್ಲಿ, ಕೂಲರ್ ಓಡೋದು ಕಮ್ಮಿಯಾಗ್ಲಿ ಅಂತ ತಾರಸಿಗೆ ಬಿಸಿಲು ತಡೆಯೋ ಬಿಳಿ ಪೇಂಟ್ ಹೊಡೆಸ್ದೆ ಕಣಮ್ಮ. ಯಾರೋ ಕೆರೆದಾಕ್ಬುಟ್ಟವ್ರೆ. ಮಹಡಿ ಮನೆ ಸೆಲ್ವೀನೇ ಇರ್ಬೇಕು. ಪೇಂಟಿನೋರು ಸದ್ದು ಮಾಡ್ತಾರೆ ಅಂತ ಜಗಳಕ್ಕೆ ಬಂದಿದ್ಲು. ಇವತ್ತೇ ಖಾಲಿ ಮಾಡು ಅಂದಿವ್ನಿ. ನಾನಲ್ಲ ಅಂತಾಳೆ, ನೀನೇ ಒಂದ್ಸಲ ಬಂದು ನೋಡಮ್ಮ," ಎಂದ ಅಶ್ವತ್ಥಪ್ಪ.

ಸೆಲ್ವಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಮಕ್ಕಳ ಶಾಲೆ ಪಕ್ಕದ ಬೀದಿಯಲ್ಲೇ. ಈ ಮನೆ ತಪ್ಪಿದರೆ ಅವಳ ಬದುಕೆಲ್ಲ ಬುಡಮೇಲು.

ಮೂವರೂ ಮತ್ತಿಗಿರಿಗೆ ಹೋಗಿ ನೋಡಿದರೆ, ತಾರಸಿಯ ಮೇಲೆ ಕೆರೆದದ್ದು ಒಂದೇ ಕಡೆ, ಉದ್ದಕ್ಕೆ, ಅಚ್ಚುಕಟ್ಟಾಗಿ. ಮೂಲೆಗೊಂದರಂತೆ ನಾಲ್ಕು ಕಲ್ಲು. ಆದಿಲಕ್ಷ್ಮಮ್ಮ ತನ್ನ ಸೆರಗನ್ನೇ ಹಾಸಿ ಅಗಲ ಅಳೆದಳು. ಮುನೀಶ ನಾಚಿಕೆಯಿಂದ ಬೇರೆ ಕಡೆ ತಿರುಗಿದ.

ಕೆಳಗೆ ಅಶ್ವತ್ಥಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಕಾಫಿಯ ಜೊತೆ ಕರಿದ ಸಂಡಿಗೆ ತಂದಿಟ್ಟರು. "ಮೊದ್ಲು ಇಟ್ಟಿದ್ದು ಬೂಷ್ಟು ಹಿಡೀತು. ಇದು ಈ ವಾರದ್ದು, ತಿನ್ನಿ."

ಮುನೀಶ ತಿಂದ. ಗರಿಗರಿಯಾಗಿತ್ತು.

"ತಿನ್ನೋಕೇ ಬಂದ್ಯೇನ್ಲಾ?" ಎಂದಳು ಅಕ್ಕ.

ನಡುಮಧ್ಯಾಹ್ನ ಸೆಲ್ವಿಯೂ ಸೇರಿದಂತೆ ಎಲ್ಲರನ್ನೂ ತಾರಸಿಗೆ ಹತ್ತಿಸಿ ಮುನೀಶನ ಚಪ್ಪಲಿ ಬಿಡಿಸಿದಳು. ಬಿಳಿಯ ಮೇಲೆ ಅವನು ಸುಮ್ಮನೆ ನಿಂತ. ಕೆರೆದ ಕಡೆ ಕಾಲಿಟ್ಟವನೇ ಹಾರಿ ಈಚೆ ಬಂದ. ಈ ಕೆಲಸಕ್ಕೂ ತಾನೇ ಬೇಕಿತ್ತೇ ಎಂದು ಒಳಗೊಳಗೇ ಬೈದುಕೊಂಡ.

"ನೋಡಿ, ಈ ಬಿಳುಪಿಂದ್ಲೇ ಸೆಲ್ವಿಗೆ ಹಗಲು ನಿದ್ದೆ ಬರೋದು. ಅವಳ್ಯಾಕೆ ಕೆರೀತಾಳೆ?" ಎಂದಳು ಆದಿಲಕ್ಷ್ಮಮ್ಮ. "ಕೆರೆದಿರೋದು ಸರಿಯಾಗಿ ಒಂದು ಸೀರೆ ಅಗಲ. ಕಲ್ಲು ಇಟ್ಟಿರೋದು ಸೀರೆ ಹಾರದಂಗೆ. ಸೀರೆ ಹಾಸಿ ಒಣಗ್ಸೋದೇನು, ಸಂಡಿಗೆ. ಹಗಲೆಲ್ಲ ಮಲಗೋಳು ಕಾಗೆ ಓಡ್ಸ್ಕೊಂಡು ಕೂರೋಕಾಗಲ್ಲ. ತಂಪು ನೆಲದ ಮೇಲೆ ಇಟ್ಟಿದ್ದು ಬೂಷ್ಟು ಹಿಡೀತು, ಬರೀ ಸಿಮೆಂಟಿನ ಮೇಲಿಟ್ಟಿದ್ದು ಗರಿಗರಿ ಆಯ್ತು. ಅಲ್ವೇನಮ್ಮ ರಾಮಲಕ್ಷ್ಮಮ್ಮ?"

ರಾಮಲಕ್ಷ್ಮಮ್ಮ ಗಂಡನ ಕಡೆ ತಿರುಗಿದರು. "ವರ್ಷದ ಸಂಡಿಗೆ ಎಲ್ಲಿ ಒಣಗ್ಸ್ತೀಯ ಅಂತ ಒಂದು ಮಾತು ಕೇಳಿದ್ರಾ ನೀವು?"

ಅಶ್ವತ್ಥಪ್ಪ ಬಗ್ಗಿ ಒಂದು ಕಲ್ಲನ್ನು ಎತ್ತಿ, ಮತ್ತೆ ಅದೇ ಮೂಲೆಗೆ ಇಟ್ಟ. ಸಂಡಿಗೆಗಾಗಿ ತನ್ನ ಭಾನುವಾರ ಹಾಳಾಯಿತಲ್ಲ ಎಂದು ಮುನೀಶನಿಗೆ ರೇಗಿಹೋಯಿತು. ಆದರೆ ಸೆಲ್ವಿಯ ಮುಖ ನೋಡಿ ಆ ಸಿಟ್ಟು ಇಳಿಯಿತು.

"ಅಣ್ಣ ಬೈದಿದ್ದಕ್ಕೆ ಬೇಜಾರಿಲ್ಲಕ್ಕ," ಎಂದಳು ಸೆಲ್ವಿ, ರಾಮಲಕ್ಷ್ಮಮ್ಮನಿಗೆ. "ಆದ್ರೆ ನಾನು ಸಾಮಾನು ಕಟ್ಟೋವಾಗ ಎಲ್ಲಾ ಗೊತ್ತಿದ್ದೂ ನೀವೇ ಹಗ್ಗ ತಂದ್ಕೊಟ್ರಲ್ಲ."

ರಾಮಲಕ್ಷ್ಮಮ್ಮ ಯಾರ ಮುಖವನ್ನೂ ನೋಡದೆ ಮಹಡಿ ಮನೆಗೆ ಇಳಿದುಹೋದರು. ಉಳಿದವರು ಹೋಗಿ ನೋಡುವಷ್ಟರಲ್ಲಿ ನೆಲದ ಮೇಲೆ ಕೂತು ಸೆಲ್ವಿ ಕಟ್ಟಿಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.